ಖಾಲಿ ಗೋಣಿಯ ತೂಕ: ತೋಟ, ವ್ಯಾಪಾರ, ಹೋಂಸ್ಟೇಯಲ್ಲಿ ಕ್ರೈಸ್ತರಾಗಿ ನೇರವಾಗಿ ನಡೆದುಕೊಳ್ಳಲು

ಕೊಡಗಿನಲ್ಲಿ ರೊಬಸ್ಟಾ ಕಾಫಿ ಕೊಯ್ಲಿನ ಸಮಯ. ಸಂಜೆ ಐದೂವರೆ ಆಗಿತ್ತು. ಕೂಲಿ ಲೆಕ್ಕಕ್ಕೆ ಕಣದ ಪಕ್ಕದಲ್ಲಿ ಹಣ್ಣು ತೂಗುತ್ತಿದ್ದೆವು. ನಾನು ಪುಸ್ತಕ ಹಿಡಿದು ನಿಂತಿದ್ದೆ, ಮೇಸ್ತ್ರಿ ಚೀಲ ಎತ್ತಿ ಇಡುತ್ತಿದ್ದ. ಅಮ್ಮನನ್ನು ಕರೆದುಕೊಂಡು ಹೋಗಲು ತೋಟದ ಕೆಲಸದವರ ಲೈನ್ ಮನೆಯಿಂದ ಬಂದಿದ್ದ ಒಂದು ಶಾಲೆ ಹುಡುಗಿ ಸುಮ್ಮನೆ ನೋಡುತ್ತಾ ನಿಂತಿದ್ದಳು. "48" ಅಂತ ಮೇಸ್ತ್ರಿ ಕೂಗಿದ, ನಾನು 46 ಅಂತ ಬರೆದೆ. ಅವಳು ಕೇಳಿದಳು: "ಅಂಕಲ್, ಖಾಲಿ ಚೀಲ ಎರಡು ಕೆಜಿ ಇರುತ್ತಾ?"

ಅದರಲ್ಲಿ ತಕರಾರು ಇರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಕೇಳಿದಳು ಅಷ್ಟೇ. ನಾನು ಖಾಲಿ ಗೋಣಿ ಒಂದನ್ನು ತಕ್ಕಡಿ ಮೇಲೆ ಹಾಕಿದೆ. 800 ಗ್ರಾಂ.

ಚೀಲಕ್ಕೆ ಎರಡು ಕೆಜಿ ಕಡಿಯುವುದು ನಮ್ಮಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. ಯಾರೂ ಪ್ರಶ್ನೆ ಮಾಡಿರಲಿಲ್ಲ. ಆದರೆ ಅದೇ ನಾನು ಮಿಲ್ಲಿನಲ್ಲಿ ಕಾಫಿ ಕೊಡುವಾಗ ಚೀಲಕ್ಕೆ ಅರ್ಧ ಕೆಜಿ ಜಾಸ್ತಿ ಕಡಿದರೆ ದನಿ ಏರಿಸುತ್ತಿದ್ದೆ. ಬೈಬಲಿನ ಧರ್ಮೋಪದೇಶಕಾಂಡ 25ನೇ ಅಧ್ಯಾಯದಲ್ಲಿ ಒಂದು ಮಾತಿದೆ. ನಿನ್ನ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಹೀಗೆ ಎರಡು ಬಗೆಯ ತೂಕದ ಕಲ್ಲು ಇರಬಾರದು ಅಂತ. ಅದನ್ನು ಎಷ್ಟೋ ಸಲ ಓದಿದ್ದೆ. ಅದು ಹಳೆಯ ಕಾಲದ ಸಂತೆ ವ್ಯಾಪಾರಿಗಳಿಗೆ ಹೇಳಿದ್ದು ಅಂದುಕೊಂಡಿದ್ದೆ. ಆ ಸಂಜೆ ನನ್ನ ಚೀಲದಲ್ಲೂ ಎರಡು ಕಲ್ಲು ಇದ್ದವು.

ನಮಗೆ ನಷ್ಟವಾಗುವ ತಕ್ಕಡಿಯನ್ನು ಕಣ್ಣು ಬಿಟ್ಟು ನೋಡುತ್ತೇವೆ. ಲಾಭವಾಗುವ ತಕ್ಕಡಿಯನ್ನು ರೂಢಿ ಅಂತ ಬಿಡುತ್ತೇವೆ. ಮೊದಲು ನೋಡಬೇಕಾದದ್ದು ಆ ಎರಡನೆಯದನ್ನೇ. ನಾನು ಮಾಡಿಕೊಂಡು ಬಂದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮದು ತೋಟ ಇರಬಹುದು, ದಿನಸಿ ಅಂಗಡಿ ಇರಬಹುದು, ಜೀಪು ಓಡಿಸುತ್ತಿರಬಹುದು. ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ.

1. ಒಂದು ವಾರ ಬರೆದಿಡಿ

ತಕ್ಷಣ ಏನನ್ನೂ ಬದಲಾಯಿಸಬೇಡಿ. ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಇನ್ನೊಬ್ಬರಿಗೆ ನೀವು ಎಲ್ಲೆಲ್ಲಿ ಅಳೆದು ಕೊಡುತ್ತೀರಿ, ಎಲ್ಲೆಲ್ಲಿ ರೇಟು ಹೇಳುತ್ತೀರಿ, ಎಲ್ಲೆಲ್ಲಿ ಮಾತು ಕೊಡುತ್ತೀರಿ ಅನ್ನುವುದನ್ನು ದಿನಾ ರಾತ್ರಿ ಬರೆಯಿರಿ. "ನಾಳೆ ಕೊಡುತ್ತೇನೆ" ಅಂದದ್ದು, "ಮನೆಯಲ್ಲಿಲ್ಲ ಅಂತ ಹೇಳು" ಅಂತ ಮಗನ ಕೈಲಿ ಫೋನ್ ಎತ್ತಿಸಿದ್ದು, ಎಲ್ಲ.

ಕೊಳ್ಳುವಾಗ ಆಡಿದ್ದನ್ನೂ ಬರೆಯಿರಿ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ "ಬಾಡಿ ಹೋಗಿದೆ" ಅಂತ ಹತ್ತು ರೂಪಾಯಿ ಇಳಿಸಿ, ಮನೆಗೆ ಬಂದು "ಎಷ್ಟು ಒಳ್ಳೆ ಸೊಪ್ಪು, ಎಷ್ಟು ಕಡಿಮೆಗೆ ಸಿಕ್ಕಿತು" ಅನ್ನುತ್ತೇವೆ ಅಲ್ವಾ? ಜ್ಞಾನೋಕ್ತಿ 20:14ರಲ್ಲಿ ಇದೇ ಗಿರಾಕಿ ಇದ್ದಾನೆ. ಕೊಳ್ಳುವಾಗ ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅನ್ನುತ್ತಾನೆ, ಆಚೆ ಹೋದ ಮೇಲೆ ಕೊಚ್ಚಿಕೊಳ್ಳುತ್ತಾನೆ. ಚೌಕಾಸಿ ಮಾಡಬಾರದು ಅಂತಲ್ಲ. "ನನ್ನ ಕೈಲಿ ಇಷ್ಟೇ ಇದೆ" ಅನ್ನಿ, ಅದು ನಿಜ ಆಗಿದ್ದರೆ. ಒಳ್ಳೆಯ ಮಾಲನ್ನು ಕೆಟ್ಟದ್ದು ಅನ್ನಬೇಡಿ.

2. ತಕ್ಕಡಿ ಸರಿಮಾಡಿ

ಇದಕ್ಕೆ ಒಂದು ಬೆಳಗ್ಗೆ ಸಾಕು. ಖಾಲಿ ಚೀಲ ತೂಗಿ. ಒಣಗಿದ ಚೀಲದ ತೂಕ ಬೇರೆ, ಹಣ್ಣಿನ ರಸ ಕುಡಿದು ಒದ್ದೆಯಾದ ಚೀಲದ ತೂಕ ಬೇರೆ. ಹಾಗಾಗಿ ಎರಡನ್ನೂ ತೂಗಿ, ಕೊಯ್ಯುವವರ ಎದುರಿಗೇ. ಎಷ್ಟು ಬರುತ್ತದೋ ಅಷ್ಟೇ ಕಡಿಯಿರಿ.

ತಕ್ಕಡಿ ಸರಿ ಇದೆಯಾ ಅಂತ ನೋಡಲು ಗೊತ್ತಿರುವ ತೂಕದ ವಸ್ತು ಬೇಕು. ಸೀಲ್ ಒಡೆಯದ ಯೂರಿಯಾ ಚೀಲ ಇಡಬಹುದು. ಆದರೆ ಈಗ ಅದು 45 ಕೆಜಿಯದು, ಹಳೆಯ ನೆನಪಲ್ಲಿ 50 ಅಂದುಕೊಂಡು ತಕ್ಕಡಿಯನ್ನು ಬೈಯಬೇಡಿ. ಇದು ಮನೆಮಟ್ಟದ ಪರೀಕ್ಷೆ ಮಾತ್ರ. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಅಂಗಡಿಯವರು ಹಾಕಿಸುತ್ತಾರೆ. ತೋಟದವರು ನಾವು ಮರೆತುಬಿಡುತ್ತೇವೆ. ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವವರಿಗೂ ಆ ತಕ್ಕಡಿಯೇ ಅಳತೆ.

ಇನ್ನೆರಡು ಮಾತು. ಅಂಕಿ ಕಾಣುವ ಮುಖವನ್ನು ಕೊಯ್ದವರ ಕಡೆ ತಿರುಗಿಸಿ, ನಿಮ್ಮ ಕಡೆ ಅಲ್ಲ. 46.700 ಬಂದರೆ 46 ಅಂತ ಬರೆಯಬೇಡಿ. ಆ 700 ಗ್ರಾಂ ಕೂಡ ಯಾರೋ ಇಳಿಜಾರಿನಲ್ಲಿ ಕಾಲು ಜಾರುತ್ತಾ ಕೊಯ್ದದ್ದು.

3. ಕೂಲಿ, ಅಡ್ವಾನ್ಸ್, ಸಂತೆ

ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಅನ್ನುತ್ತದೆ ಯಾಜಕಕಾಂಡ 19:13. ವಾರಕ್ಕೊಮ್ಮೆ ಬಟವಾಡೆ ಮಾಡುವ ನಾವು ಇದನ್ನು ಹೇಗೆ ನಡೆಸುವುದು? ಅದರ ತಿರುಳು ಹಿಡಿಯಿರಿ. ಒಪ್ಪಿದ ದಿನ ದಾಟಬಾರದು. ಆ ದಿನ ಕೆಲಸದವರಿಗೆ ಉಪಯೋಗ ಆಗುವ ದಿನ ಆಗಿರಬೇಕು. ಮಡಿಕೇರಿ ಸಂತೆ ಶುಕ್ರವಾರ. ಗುರುವಾರ ಸಂಜೆ ಬಟವಾಡೆ ಆದರೆ ಅಕ್ಕಿ, ಒಣಮೀನು, ಮಕ್ಕಳ ಚಪ್ಪಲಿ ಸಂತೆಯಲ್ಲಿ ಬರುತ್ತವೆ. ಶನಿವಾರ ಕೊಟ್ಟರೆ ಅದೇ ಸಾಮಾನನ್ನು ಲೈನಿನ ಪಕ್ಕದ ಅಂಗಡಿಯಲ್ಲಿ ಸಾಲಕ್ಕೆ, ಜಾಸ್ತಿ ರೇಟಿಗೆ ತರಬೇಕು. ನಮ್ಮ ಎರಡು ದಿನದ ಸೋಮಾರಿತನಕ್ಕೆ ಅವರು ದುಡ್ಡು ಕಟ್ಟುತ್ತಾರೆ.

ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ, ಬೆಳೆ ಕೊಯ್ದವರ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಇದೆ. ಕೊಯ್ದವರ ಕೂಗು ಅಂತಲೇ ಇದೆ. ಕಾಫಿ ಬೆಳೆಯುವ ನಾಡಿನಲ್ಲಿ ಕೂತು ಅದನ್ನು ಓದುವಾಗ ನನಗೆ ಬೇರೆ ಅರ್ಥ ಬೇಕಾಗುವುದಿಲ್ಲ.

ಅಡ್ವಾನ್ಸ್ ಲೆಕ್ಕ ಕಷ್ಟದ ವಿಷಯ. ಇಲ್ಲಿನ ಆದಿವಾಸಿಗಳಾದ ಯರವರು, ಜೇನುಕುರುಬರ ಮನೆಗಳಲ್ಲಿ ಅಕ್ಷರ ಬಾರದ ಹಿರಿಯರು ಇದ್ದಾರೆ. ಅಸ್ಸಾಂ, ಬಂಗಾಳದಿಂದ ಬಂದವರಿಗೆ ನಮ್ಮ ಕನ್ನಡ ಅಂಕಿ ತಿಳಿಯುವುದಿಲ್ಲ. ಲೆಕ್ಕ ನಮ್ಮ ಪುಸ್ತಕದಲ್ಲಿ ಮಾತ್ರ ಇದ್ದರೆ, ತಪ್ಪಾದಾಗಲೆಲ್ಲ ಅದು ನಮ್ಮ ಕಡೆಗೇ ತಪ್ಪುತ್ತದೆ. ಇದನ್ನು ನಾನು ಕಂಡಿದ್ದೇನೆ. ಹೀಗೆ ಮಾಡಿ: ಪ್ರತಿ ಮನೆಗೂ ಒಂದು ಪುಸ್ತಕ ಅವರ ಕೈಲೇ ಇರಲಿ. ಕೊಟ್ಟ ದಿನವೇ ಎರಡೂ ಪುಸ್ತಕದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಕೂರಿಸಿ ಗಟ್ಟಿಯಾಗಿ ಓದಿ ಹೇಳಿ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಆ ಮಕ್ಕಳ ಕೈಲೇ ಓದಿಸಿ. ಸಾಲ ಇದೆ ಅನ್ನುವ ಒಂದೇ ಕಾರಣಕ್ಕೆ ಬೇರೆ ತೋಟಕ್ಕೆ ಹೋಗದಂತೆ ಯಾರನ್ನೂ ಹಿಡಿದಿಡಬೇಡಿ. ಅದು ಕಾನೂನಿಗೂ ತಪ್ಪು, ದೇವರ ಮುಂದೆಯೂ ತಪ್ಪು.

ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ, ಗಂಡಸರಿಗೆ ಜಾಸ್ತಿ ಕೊಡುವ ಹಾಗಿಲ್ಲ. 1976ರ ಸಮಾನ ವೇತನ ಕಾಯ್ದೆಯಲ್ಲೇ ಅದು ಬಂದಿತ್ತು. "ಇಲ್ಲಿ ಎಲ್ಲರೂ ಹಾಗೇ ಕೊಡೋದು" ಅನ್ನುವುದು ಉತ್ತರ ಅಲ್ಲ.

4. ಮಾಲಿನ ಬಗ್ಗೆ ನಿಜ ಹೇಳಿ

ಕಾಫಿಗೆ ರೇಟು ಸಿಗುವುದು ಔಟ್‌ಟರ್ನ್ ಮೇಲೆ, ಅಂದರೆ ಚೆರಿಯಲ್ಲಿ (ಒಣಗಿಸಿದ ಹಣ್ಣಿನಲ್ಲಿ) ಎಷ್ಟು ಬೇಳೆ ಸಿಗುತ್ತದೆ ಅನ್ನುವುದರ ಮೇಲೆ. ವ್ಯಾಪಾರಿ ಚೀಲದಿಂದ ಒಂದು ಹಿಡಿ ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ ಲೆಕ್ಕ ಹಾಕುತ್ತಾನೆ. ತೇವ ನೋಡಲು ಮಾಯಿಶ್ಚರ್ ಮೀಟರ್ ಇಡುತ್ತಾನೆ. ಮೇಲೆ ಒಳ್ಳೆಯ ಚೆರಿ, ತಳದಲ್ಲಿ ಮಳೆಗೆ ಸಿಕ್ಕಿ ಕಪ್ಪಾದದ್ದು ತುಂಬುವುದು ಹೊಸ ಉಪಾಯವೇನಲ್ಲ. ಆಮೋಸನ ಗ್ರಂಥದ 8ನೇ ಅಧ್ಯಾಯದಲ್ಲಿ ಗೋಧಿಯ ಜಳ್ಳನ್ನು ಮಾರುವವರ ಮೇಲೆ ಪ್ರವಾದಿ ಸಿಟ್ಟಾಗುತ್ತಾನೆ. ಅವರು ಹಬ್ಬ ಯಾವಾಗ ಮುಗಿಯುತ್ತದೆ, ಅಂಗಡಿ ಯಾವಾಗ ತೆಗೆಯೋಣ ಅಂತ ಕಾಯುತ್ತಿದ್ದವರು. ಅಂದರೆ ಪೂಜೆಯಲ್ಲಿ ಕೂತೇ ಮೋಸದ ಲೆಕ್ಕ ಹಾಕುತ್ತಿದ್ದವರು.

ಮಾಡಬೇಕಾದದ್ದು ಸುಲಭ, ಹೇಳುವುದು ಕಷ್ಟ. ಕೆಟ್ಟದ್ದನ್ನು ಬೇರೆ ಚೀಲಕ್ಕೆ ಹಾಕಿ, ಬಾಯಿಗೆ ಬಣ್ಣದ ದಾರ ಕಟ್ಟಿ. ವ್ಯಾಪಾರಿ ಕೇಳುವ ಮೊದಲೇ ಹೇಳಿ: "ಈ ಎರಡು ಚೀಲ ಕಣದಲ್ಲಿ ಮಳೆಗೆ ಸಿಕ್ಕಿದೆ. ಬೇರೆ ನೋಡಿ." ನಾನು ಮೊದಲ ಸಲ ಹೇಳಿದಾಗ ಆತ ಆ ಎರಡು ಚೀಲಕ್ಕೆ ರೇಟು ಇಳಿಸಿದ. ಉಳಿದದ್ದಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಲಿಲ್ಲ. ನಿಜ ಹೇಳಿದರೆ ಕೊನೆಗೆ ಲಾಭವೇ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಆ ಮಾತು ಕೊಡಲಾರೆ. ಕೀರ್ತನೆ 15ರಲ್ಲಿ ದೇವರ ಬೆಟ್ಟದಲ್ಲಿ ವಾಸ ಮಾಡುವವನು ಯಾರು ಅಂತ ಕೇಳಿ, ಕೊಟ್ಟ ಮಾತಿನಿಂದ ನಷ್ಟ ಆದರೂ ಬದಲಾಯಿಸದವನು ಅಂತ ಉತ್ತರ ಇದೆ. ನಷ್ಟ ಆಗಬಹುದು ಅಂತ ಬೈಬಲ್ಲೇ ಒಪ್ಪಿಕೊಂಡಿದೆ.

ಕಾಳುಮೆಣಸು ಚೆನ್ನಾಗಿ ಒಣಗದೆ ಚೀಲ ಕಟ್ಟಬೇಡಿ. ನೀರಿನ ತೂಕಕ್ಕೆ ದುಡ್ಡು ತೆಗೆದುಕೊಂಡ ಹಾಗೆ ಆಗುತ್ತದೆ, ಬೂಷ್ಟೂ ಬರುತ್ತದೆ. ಹೊಳಪಿಗೆ ಎಣ್ಣೆ ಸವರುವುದಂತೂ ಬೇಡವೇ ಬೇಡ. ಹೊರಗಿನಿಂದ ಬಂದ ಮೆಣಸನ್ನು ಬೆರೆಸಿ ಕೊಡಗಿನದು ಅನ್ನಬೇಡಿ.

ರಸ್ತೆ ಬದಿ ಅಂಗಡಿ ಇಟ್ಟವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಕುಶಾಲನಗರ ದಾಟಿ ಮೇಲೆ ಬರುವ ಪ್ರವಾಸಿಗೆ ಕೊಡಗು ಅನ್ನುವ ಹೆಸರೇ ದೊಡ್ಡದು. ಕೊಡಗಿನ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಪ್ಯಾಕೆಟ್ಟಿನಲ್ಲಿ ರೊಬಸ್ಟಾ ಇದ್ದರೆ ರೊಬಸ್ಟಾ ಅಂತಲೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿದೆ? ನಮ್ಮ ಮನೆಗಳನ್ನು ನಡೆಸುವುದು ಅದೇ. ಚಿಕೋರಿ ಬೆರೆಸುವುದು ತಪ್ಪಲ್ಲ, ತುಂಬಾ ಜನಕ್ಕೆ ಆ ರುಚಿಯೇ ಇಷ್ಟ. ಆದರೆ ಕಾಫಿ ಪಾಲು ಕನಿಷ್ಠ 51% ಇರಬೇಕು, ಎಷ್ಟು ಬೆರೆಸಿದ್ದೀರಿ ಅಂತ ಪ್ಯಾಕೆಟ್ ಮೇಲೆ ಇರಬೇಕು. ಜೇನು ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ "ಕಾಡುಜೇನು" ಅಂತ ಚೀಟಿ ಅಂಟಿಸಬೇಡಿ. ನಾಗಪುರದ ಕಿತ್ತಳೆಯನ್ನು ನಾಗಪುರದ್ದು ಅಂತಲೇ ಮಾರಿ.

ನಮ್ಮವರು ಅಂಗಡಿಗೆ, ಜೀಪಿಗೆ ಸಂತರ ಹೆಸರು ಬರೆಸುತ್ತಾರೆ. ಒಳ್ಳೆಯದು. ಆದರೆ ಬೋರ್ಡಿನಲ್ಲಿ ಆ ಹೆಸರು ಇದ್ದರೆ ಒಳಗೆ ತೂಗುವ ಕೈಗೆ ಭಾರ ಜಾಸ್ತಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನ ಚರ್ಚ್ 1792ರಷ್ಟು ಹಳೆಯದು. ನಮ್ಮ ದೇವರನ್ನು ಪೂಜಿಸದ ಒಬ್ಬ ಅರಸನ ನಂಬಿಕೆಯ ಮೇಲೆ ಈ ನಾಡಿನಲ್ಲಿ ನಮ್ಮ ಜನ ಬೇರು ಬಿಟ್ಟರು. ಕೊಡವರ ದೇವರು ಇಗ್ಗುತಪ್ಪನ ಮುಂದೆ ಕೊಟ್ಟ ಮಾತಿಗೆ ತಪ್ಪದ ನೆರೆಹೊರೆಯವರ ನಡುವೆ ಬದುಕುತ್ತಿದ್ದೇವೆ. ಪ್ರಾಮಾಣಿಕತೆ ನಮ್ಮೊಬ್ಬರದೇ ಆಸ್ತಿ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಅವರಿಗಿಂತ ನಾವು ಸಡಿಲ ಆಗಬಾರದು ಅನ್ನುವುದು ಮಾತ್ರ ನನ್ನ ಆಸೆ.

5. ಹೋಂಸ್ಟೇ ಇದ್ದರೆ

ನಂಬರ್ ಪ್ಲೇಟ್ ನೋಡಿ ರೇಟು ಹೇಳಬೇಡಿ. ಕೊಡಗಿನ ಕೆಎ 12 ಬಂದರೆ ಒಂದು, ಬೆಂಗಳೂರಿನ ಕೆಎ 05 ಬಂದರೆ ಇನ್ನೊಂದು ಅಂತ ಮಾಡಿದರೆ ಅದೂ ಎರಡು ಕಲ್ಲೇ. ಸೀಸನ್ನಿಗೆ ರೇಟು ಏರಿಸಬಹುದು. ಅದನ್ನು ಬರೆದು ಹಾಕಿ, ಎಲ್ಲರಿಗೂ ಒಂದೇ ಇರಲಿ.

ಅಕ್ಟೋಬರಿನ ಬಿಸಿಲಲ್ಲಿ ತೆಗೆದ ಫೋಟೋ ತೋರಿಸಿ ಜುಲೈಗೆ ಬುಕಿಂಗ್ ತೆಗೆದುಕೊಂಡರೆ, ಮಳೆ, ಜಿಗಣೆ, ಕರೆಂಟ್ ಹೋಗುವುದು ಎಲ್ಲವನ್ನೂ ಫೋನಿನಲ್ಲೇ ಹೇಳಿ. ಆನೆ ಓಡಾಟ ಇದ್ದರೆ ಅದನ್ನಂತೂ ಮುಚ್ಚಿಡಲೇಬೇಡಿ. ಅದು ಜೀವದ ಪ್ರಶ್ನೆ. ನೆಂಟರ ಕೈಲಿ ಒಳ್ಳೆಯ ರಿವ್ಯೂ ಬರೆಸುವುದು ಸುಳ್ಳುಸಾಕ್ಷಿ. ನೆರೆಮನೆಯ ಹೋಂಸ್ಟೇಗೆ ಕೆಟ್ಟ ರಿವ್ಯೂ ಹಾಕಿಸುವುದು ನೆರೆಯವನ ಮೇಲೆ ಹೇಳುವ ಸುಳ್ಳುಸಾಕ್ಷಿ, ಹತ್ತು ಆಜ್ಞೆಗಳಲ್ಲಿ ಇರುವುದು ಅದೇ.

6. ಕಚೇರಿ ಕೆಲಸ, ಜಾಗದ ಕಾಗದ

ಕೈ ಬಿಸಿ ಮಾಡದೆ ಫೈಲು ಅಲುಗುವುದಿಲ್ಲ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಕೆಲವು ಸಲ ನಿಜವೂ ಹೌದು. ಒಮ್ಮೆ ಒಂದು ಕಾಗದಕ್ಕಾಗಿ ನನ್ನನ್ನೂ ಆರು ಸಲ ನಡೆಸಿದರು. ಕೊಡಲಿಲ್ಲ, ಆರನೆಯ ಸಲ ಸಿಕ್ಕಿತು. ನನಗೆ ಅಷ್ಟು ಸಮಯ ಇತ್ತು. ದಿನಗೂಲಿ ಬಿಟ್ಟು ಬರುವವರಿಗೆ ಆರು ದಿನ ಅಂದರೆ ಆರು ಕೂಲಿ. ಹಾಗಾಗಿ ಇಲ್ಲಿ ಯಾರ ಮೇಲೂ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಮಾಡಬಹುದಾದದ್ದು: ಕಾಗದ ಪೂರ್ತಿ ಇಟ್ಟುಕೊಂಡು ಹೋಗಿ, ಸಕಾಲ ಯೋಜನೆಯ ಸೇವೆ ಆಗಿದ್ದರೆ ಅರ್ಜಿ ಸಂಖ್ಯೆ ಇರುವ ರಸೀದಿ ಕೇಳಿ ಪಡೆಯಿರಿ. ಎಷ್ಟು ದಿನದಲ್ಲಿ ಆಗಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಓದು ಬಾರದ ನೆರೆಯವರ ಜೊತೆ ಹೋಗಿ ನಿಂತುಕೊಳ್ಳಿ. ನೀವೇ ಸರ್ಕಾರಿ ಕೆಲಸದಲ್ಲಿದ್ದರೆ ಮಾತು ಚಿಕ್ಕದು. ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂದ ಸ್ನಾನಿಕನಾದ ಯೋಹಾನ.

ಜಾಗ ಮಾರುವಾಗ ಕಾಗದದಲ್ಲಿ ಒಂದು ಬೆಲೆ, ಕೈಯಲ್ಲಿ ಒಂದು ಬೆಲೆ ಬೇಡ. ಬೇಸಿಗೆಯಲ್ಲಿ ಬತ್ತುವ ಬಾವಿಯನ್ನು ಮಳೆಗಾಲದಲ್ಲಿ ತೋರಿಸಿ ಸುಮ್ಮನಿರಬೇಡಿ. ಬೇಲಿ ಹೊಸದಾಗಿ ಹಾಕುವಾಗ ಪಕ್ಕದವರನ್ನು ಕರೆದು ನಿಲ್ಲಿಸಿಕೊಂಡೇ ಗೂಟ ಹೊಡೆಯಿರಿ.

7. ಆಗಿಹೋದದ್ದನ್ನು ತೀರಿಸಿ

ಇಲ್ಲಿಗೆ ಬರುವ ತನಕ ನನಗೂ ಸುಲಭ ಅನ್ನಿಸಿತ್ತು. ಇನ್ನು ಮುಂದೆ ಸರಿಯಾಗಿ ಇರೋಣ, ಹಿಂದಿನದ್ದಕ್ಕೆ ದೇವರ ಹತ್ತಿರ ಕ್ಷಮೆ ಕೇಳಿದರೆ ಆಯಿತು ಅಂದುಕೊಂಡಿದ್ದೆ. ಆದರೆ ಮತ್ತಾಯ 5ರಲ್ಲಿ ಯೇಸು ಹೇಳುವ ಕ್ರಮ ಬೇರೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಬೇಕು. ಮೊದಲು ಸಹೋದರನ ಹತ್ತಿರ ಸಮಾಧಾನ, ಆಮೇಲೆ ಕಾಣಿಕೆ. ಸುಂಕದವನಾಗಿದ್ದ ಜಕ್ಕಾಯನೂ ದೇವರೇ ಕ್ಷಮಿಸು ಅಂತ ಮಾತ್ರ ಹೇಳಲಿಲ್ಲ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ.

ಮೊದಲು ಲೆಕ್ಕ ಹಾಕಿ. ಕಣ್ಣಂದಾಜು ಬೇಡ, ಪೆನ್ನು ಹಿಡಿದು ಹಾಕಿ. ನನ್ನದು ಹೀಗಿತ್ತು. ಎರಡು ಕೆಜಿ ಕಡಿದಲ್ಲಿ ಚೀಲದ ತೂಕ 800 ಗ್ರಾಂ. ಅಂದರೆ ಚೀಲಕ್ಕೆ 1.2 ಕೆಜಿ ಹಣ್ಣು ಅವರದು. ಒಬ್ಬರಿಗೆ ದಿನಕ್ಕೆ ಎರಡು ಚೀಲ, 2.4 ಕೆಜಿ. ಆಗ ಕೆಜಿಗೆ 5 ರೂಪಾಯಿ ಕೊಡುತ್ತಿದ್ದೆ. ದಿನಕ್ಕೆ 12 ರೂಪಾಯಿ. ಆ ಕೊಯ್ಲಿನ 40 ದಿನಕ್ಕೆ 480. ಕೊಯ್ದವರು 11 ಜನ. 5,280 ರೂಪಾಯಿ. ಯಾಜಕಕಾಂಡ 6ನೇ ಅಧ್ಯಾಯದ ಪ್ರಕಾರ, ಮೋಸದಿಂದ ಪಡೆದದ್ದನ್ನು ಹಿಂದೆ ಕೊಡುವಾಗ ಐದರಲ್ಲಿ ಒಂದು ಪಾಲು ಸೇರಿಸಬೇಕು. ಅದು 1,056. ಒಟ್ಟು 6,336.

ಒಂದೇ ವರ್ಷದ್ದು ಇದು. ಹಿಂದಿನ ಪುಸ್ತಕಗಳನ್ನು ತೆಗೆದೆ. ಆರು ವರ್ಷದ್ದು ಸಿಕ್ಕಿತು, ಆರು ವರ್ಷದ್ದು ಹಾಕಿದೆ. ಎರಡು ಕಂತಿನಲ್ಲಿ ಕೊಟ್ಟೆ. ಒಟ್ಟಿಗೆ ಕೊಡಲು ಆಗದಿದ್ದರೆ ಕಂತು ಮಾಡಿ, ಆದರೆ ತಾರೀಕು ಹೇಳಿ.

ಹೇಳುವ ರೀತಿಯೂ ಮುಖ್ಯ. "ಬೋನಸ್" ಅಂತ ಕೊಡಬೇಡಿ. ಕ್ರಿಸ್ಮಸ್ ಉಡುಗೊರೆ ಅಂತಲೂ ಕೊಡಬೇಡಿ. ಹಾಗೆ ಕೊಟ್ಟರೆ ಕದ್ದದ್ದಕ್ಕೆ ಕೈ ಮುಗಿಸಿಕೊಂಡ ಹಾಗೆ ಆಗುತ್ತದೆ. ನಾನು ಕಣದಲ್ಲೇ ಎಲ್ಲರನ್ನೂ ಕೂರಿಸಿ, ಖಾಲಿ ಚೀಲವನ್ನು ಮತ್ತೆ ತೂಗಿ ತೋರಿಸಿ ಹೇಳಿದೆ: "ಇಷ್ಟು ವರ್ಷ ನಿಮ್ಮ ತೂಕದಲ್ಲಿ ಜಾಸ್ತಿ ಕಡಿದಿದ್ದೇನೆ. ಇದು ನಿಮ್ಮ ದುಡ್ಡು. ತಪ್ಪು ನನ್ನದು." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯ ಹೆಂಗಸು ಹೇಳಿದಳು, "ನಮಗೆ ಗೊತ್ತಿತ್ತು." ಅಷ್ಟೇ. ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಅವಳು ನನ್ನನ್ನು ಹೊಗಳಲಿಲ್ಲ, ಹೊಗಳುವ ಕಾರಣವೂ ಇರಲಿಲ್ಲ. ನೀವೂ ಅದನ್ನು ನಿರೀಕ್ಷೆ ಮಾಡಬೇಡಿ. ಕ್ಷಮಿಸಿದೆ ಅನ್ನಿ ಅಂತ ಯಾರನ್ನೂ ಒತ್ತಾಯ ಮಾಡಬೇಡಿ.

ಊರು ಬಿಟ್ಟವರನ್ನು ಹುಡುಕಿ. ಮೇಸ್ತ್ರಿಗಳ ಹತ್ತಿರ ಫೋನ್ ನಂಬರ್ ಇರುತ್ತದೆ, ಅವರ ಊರಿನವರು ಪಕ್ಕದ ತೋಟದಲ್ಲೇ ಇರಬಹುದು. ಈಗ ಫೋನಿನಲ್ಲೇ ದುಡ್ಡು ಕಳಿಸಬಹುದು. ಅಸ್ಸಾಮಿಗೆ ಹೋದ ನಾಲ್ಕು ಜನಕ್ಕೆ ಹಾಗೆ ಕಳಿಸಿದೆ. ತೀರಿಕೊಂಡಿದ್ದರೆ ಮಕ್ಕಳಿಗೆ ಕೊಡಿ.

ಒಂದು ಮನೆಯವರು ಮಾತ್ರ ಸಿಗಲಿಲ್ಲ. ಗಂಡ, ಹೆಂಡತಿ ಎರಡು ಕೊಯ್ಲಿಗೆ ಬಂದು ಹೋಗಿದ್ದರು. ಪುಸ್ತಕದಲ್ಲಿ ಅವರ ಕರೆಯುವ ಹೆಸರು ಬಿಟ್ಟು ಇನ್ನೇನೂ ಬರೆದಿರಲಿಲ್ಲ. ಇದಕ್ಕೂ ಬೈಬಲಿನ ಅರಣ್ಯಕಾಂಡ 5ನೇ ಅಧ್ಯಾಯದಲ್ಲಿ ದಾರಿ ಇದೆ. ತೆಗೆದುಕೊಳ್ಳಲು ಹತ್ತಿರದ ಬಂಧುವೂ ಇಲ್ಲದಿದ್ದರೆ ಅದು ದೇವರಿಗೆ ಸೇರಬೇಕು, ಯಾಜಕನ ಕೈಗೆ ಹೋಗಬೇಕು. ಒಂದು ವರ್ಷ ಲಕೋಟೆಯಲ್ಲಿ ಇಟ್ಟುಕೊಂಡು ವಿಚಾರಿಸಿದೆ. ಆಮೇಲೆ ಚರ್ಚಿನ ಬಡವರ ನಿಧಿಗೆ ಹಾಕಿದೆ. ನೀವೂ ಹಾಗೆ ಹಾಕುವುದಾದರೆ ರಸೀದಿಯಲ್ಲಿ ನಿಮ್ಮ ಹೆಸರು ಬರೆಸಬೇಡಿ, ಅದು ನಿಮ್ಮ ಕಾಣಿಕೆ ಅಲ್ಲ. ರಸೀದಿ ಬರೆಯುವವರು ಯಾರ ಹೆಸರು ಅಂತ ಕೇಳಿದಾಗ ನಾನು ಪುಸ್ತಕದಲ್ಲಿ ಇದ್ದ ಆ ಎರಡು ಹೆಸರು ಹೇಳಿದೆ.